ಹೆಸರೊಂದೇ ಸಾಲದು, ಹಾದಿಯೂ ಬೇಕು

ವಾಡಿ ಎಂದೊಡನೆ ಕಲಬುರ್ಗಿಯ ಕಡೆಯ ನಮ್ಮ ಬಂಧುಗಳಿಗೆ ನೆನಪಾಗುವುದು ಚಿತ್ತಾಪುರ ತಾಲೂಕಿನ ರೈಲ್ವೆ ಜಂಕ್ಷನ್ನು, ಅಲ್ಲಿಯ ಸಿಮೆಂಟಿನ ಕಾರ್ಖಾನೆ. ನಾಗಪುರದಲ್ಲಿ ನೆಲಸಿದ ನಮಗಾದರೋ ವಾಡಿ ಎಂದರೆ ಅಮರಾವತಿ ರಸ್ತೆಯ ಮೇಲೆ ನಗರದ ಪಶ್ಚಿಮಕ್ಕಿರುವ, ಲಾರಿಗಳೂ ಉಗ್ರಾಣಗಳೂ ತುಂಬಿದ ವಾಡಿ. ಹೆಸರು ಒಂದು, ಊರು ಎರಡು. ಲಕೋಟೆಯ ಮೇಲೆ ಬರಿದೆ 'ವಾಡಿ' ಎಂದು ಬರೆದು ಅಂಚೆಗೆ ಹಾಕಿದರೆ ಅದು ಎಲ್ಲಿಗೆ ಹೋಗಿ ಮುಟ್ಟೀತು? ಜಿಲ್ಲೆ, ರಾಜ್ಯಗಳು ಜೊತೆಗಿದ್ದರೆ ಮಾತ್ರ ಕಾಗದಕ್ಕೆ ದಾರಿ ಸಿಕ್ಕುತ್ತದೆ.

ಗಣಕಯಂತ್ರದೊಳಗಿನ ಕಡತಗಳ ಪಾಡೂ ಹೀಗೆಯೇ. ಊರಿನಿಂದ ತಂದ ಹಳೆಯ ಭಾವಚಿತ್ರಗಳು, ಹೊಲಮನೆಯ ಪತ್ರಗಳು, ಮಕ್ಕಳ ಅಂಕಪಟ್ಟಿಗಳು ಇಂದು ನಮ್ಮವರ ಎಷ್ಟೋ ಮನೆಗಳಲ್ಲಿ ಯಂತ್ರದ ಹೊಟ್ಟೆಯನ್ನು ಸೇರಿವೆ. ಒಂದೊಂದಕ್ಕೂ ಒಂದು ಹಾದಿಯುಂಟು. ಮಾದರಿಗೆ ಎರಡನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆದು ತೋರಿಸುತ್ತೇವೆ:

/ಚಿತ್ರಗಳು/ಕಲಬುರ್ಗಿ/ವಾಡಿ/ಗೃಹಪ್ರವೇಶ.ಜೆಪಿಜಿ
/ಚಿತ್ರಗಳು/ನಾಗಪುರ/ವಾಡಿ/ಗೃಹಪ್ರವೇಶ.ಜೆಪಿಜಿ

ನಡುನಡುವಿನ ಓರೆಗೆರೆಗಳು ಪೆಟ್ಟಿಗೆಯೊಳಗಿನ ಪೆಟ್ಟಿಗೆಯನ್ನು ಸೂಚಿಸುತ್ತವೆ. ಲಕೋಟೆಯ ವಿಳಾಸ ಚಿಕ್ಕದರಿಂದ ದೊಡ್ಡದಕ್ಕೆ ನಡೆದರೆ, ಇದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಬಳಿಕ ತಂದೆ, ಕೊನೆಗೆ ಸ್ವಂತ ಹೆಸರು ಬಂದ ಹಾಗೆ.

ನೂರಾರು ಚಿತ್ರಗಳನ್ನು ಅಣಿಗೊಳಿಸುವಾಗ ಈ ಹಾದಿಯ ಭಾಗಗಳನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಒಂದೊಂದಾಗಿ ಕೈಯಿಂದ ಮಾಡಹೊರಟರೆ ರಜೆಯ ದಿನಗಳೆಲ್ಲ ಅದಕ್ಕೇ ಮೀಸಲು. ಪೈಥಾನ್ ಎಂಬ ಭಾಷೆಯಲ್ಲಿ ನಾಲ್ಕಾರು ಸಾಲು ಬರೆದರೆ ಯಂತ್ರವೇ ಈ ಕೆಲಸವನ್ನು ಮಾಡಿಕೊಡುತ್ತದೆ. 1991ರಲ್ಲಿ ಹೊರಬಂದ ಈ ಭಾಷೆಗೆ 2014ರಲ್ಲಿ 'ಪಾಥ್‌ಲಿಬ್' ಎಂಬ ಉಪಕರಣ ಸೇರಿತು. ಹಾದಿಯನ್ನು ಅದರ 'ಪಾಥ್' ಎಂಬುದಕ್ಕೆ ಒಪ್ಪಿಸಿ, ಮುಂದೆ ಒಂದು ಚುಕ್ಕೆಯಿಟ್ಟು ಕೇಳಿದರಾಯಿತು. 'ನೇಮ್' ಎಂದರೆ 'ಗೃಹಪ್ರವೇಶ.ಜೆಪಿಜಿ' ಎಂಬ ಪೂರ್ಣ ಹೆಸರು. 'ಸ್ಟೆಮ್' ಎಂದರೆ ಬಾಲವಿಲ್ಲದ 'ಗೃಹಪ್ರವೇಶ'. 'ಸಫಿಕ್ಸ್' ಎಂದರೆ '.ಜೆಪಿಜಿ' ಎಂಬ ಬಾಲ. 'ಪೇರೆಂಟ್' ಎಂದರೆ ಅದನ್ನು ಹೊತ್ತ ಪೆಟ್ಟಿಗೆಯ ಹಾದಿ. 'ಪೇರೆಂಟ್' ಎಂಬುದನ್ನು ಎರಡು ಸಲ ಹೇಳಿ 'ನೇಮ್' ಕೇಳಿದರೆ, ಎರಡನೆಯ ಮಾದರಿಯಲ್ಲಿ 'ನಾಗಪುರ' ಬರುತ್ತದೆ.

ಓರೆಗೆರೆ ಕಂಡಲ್ಲಿ ನಾವೇ ಕತ್ತರಿಸಿಕೊಂಡರೆ ಆಗದೆ ಎಂದು ಕೇಳುವವರುಂಟು. ಆಗುತ್ತದೆ, ಆದರೆ ತೊಡಕುಗಳಿವೆ. 'ಮದುವೆ-12.5.1962.ಜೆಪಿಜಿ' ಎಂಬ ಹೆಸರನ್ನು ಮೊದಲ ಚುಕ್ಕೆಗೆ ಕತ್ತರಿಸಿದರೆ 'ಮದುವೆ-12' ಉಳಿಯುತ್ತದೆ. ತಿಂಗಳೂ ವರ್ಷವೂ ಹಾರಿಹೋಗುತ್ತವೆ. 'ಸ್ಟೆಮ್' ಕೊನೆಯ ಚುಕ್ಕೆಯನ್ನೇ ನೋಡುವುದರಿಂದ ತಾರೀಖು ಉಳಿಯುತ್ತದೆ. ಹಾಗೆಂದು '.ಜೆಪಿಜಿ' ಬಾಲವೇ ಇಲ್ಲದೆ ಇಟ್ಟರೆ ಅದು '.1962' ಎಂಬುದನ್ನೇ ಬಾಲವೆಂದು ತಿಳಿಯುತ್ತದೆ. ತಾರೀಖಿಗೆ ಚುಕ್ಕೆಯ ಬದಲು ಅಡ್ಡಗೆರೆ ಹಾಕುವುದು ಕ್ಷೇಮ.

ಇನ್ನೊಂದು ತೊಡಕು ವಿಂಡೋಸಿನದು. 1983ರಲ್ಲಿ ಎಂಎಸ್-ಡಾಸ್‌ನ ಎರಡನೆಯ ಆವೃತ್ತಿಯಲ್ಲಿ ಪೆಟ್ಟಿಗೆಯೊಳಗೆ ಪೆಟ್ಟಿಗೆಯ ಏರ್ಪಾಡು ಬಂದಾಗ, ಮುಂದಕ್ಕೆ ವಾಲಿದ ಗೆರೆ ಬೇರೆ ಕೆಲಸಕ್ಕೆ ಬಳಕೆಯಲ್ಲಿದ್ದುದರಿಂದ ಹಿಂದಕ್ಕೆ ವಾಲಿದ ಗೆರೆಯನ್ನು ಆರಿಸಿಕೊಂಡರು. ಪೈಥಾನಿನಲ್ಲಿ ಆ ಗೆರೆಯ ಮುಂದೆ ಇಂಗ್ಲಿಷಿನ ಸಣ್ಣ 'ಎನ್' ಅಕ್ಷರ ಬಂದರೆ 'ಹೊಸ ಸಾಲು' ಎಂದರ್ಥ! ನಾಗಪುರದ ಹೆಸರು ಮೊದಲಾಗುವುದೇ ಆ ಅಕ್ಷರದಿಂದ. ಹಾದಿ ಅಲ್ಲಿಯೇ ಮುರಿದುಬೀಳುತ್ತದೆ. ಮುಂದಕ್ಕೆ ವಾಲಿದ ಗೆರೆಯನ್ನೇ ಬರೆಯಿರಿ. ವಿಂಡೋಸಿನಲ್ಲಿಯೂ ಪಾಥ್‌ಲಿಬ್ ಅದನ್ನು ಸರಿಯಾಗಿ ಅರಿತುಕೊಳ್ಳುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅಪಾಯವೊಂದಿದೆ. ಎಲ್ಲ ಚಿತ್ರಗಳನ್ನೂ ಒಂದೇ ಪೆಟ್ಟಿಗೆಗೆ ಕೂಡಿಹಾಕೋಣವೆಂದು 'ನೇಮ್' ಭಾಗವನ್ನಷ್ಟೇ ಇಟ್ಟುಕೊಂಡು ನಕಲು ಮಾಡಿದಿರಿ ಎನ್ನಿ. ಮೊದಲು ಕಲಬುರ್ಗಿಯ ಗೃಹಪ್ರವೇಶ ಹೋಗಿ ಕೂರುತ್ತದೆ. ಆಮೇಲೆ ನಾಗಪುರದ್ದು ಅದೇ ಹೆಸರಿನಿಂದ ಬಂದು ಅದರ ಜಾಗವನ್ನೇ ಆಕ್ರಮಿಸುತ್ತದೆ. ಪೈಥಾನಿನ ಸಾಮಾನ್ಯ ನಕಲು ಆಜ್ಞೆ ಇದಕ್ಕಾಗಿ ನಿಮ್ಮ ಅಪ್ಪಣೆಯನ್ನು ಕೇಳುವುದಿಲ್ಲ. ಕೂಡಿಟ್ಟಾಯಿತೆಂದು ನಂಬಿ ಹಳೆಯ ಪೆಟ್ಟಿಗೆಗಳನ್ನು ಅಳಿಸಿದರೆ, ಹೊಸಿಲ ಮೇಲೆ ತುಂಬಿದ ಕೊಡ ಹಿಡಿದು ನಿಂತ ಅಜ್ಜಿಯ ಚಿತ್ರ ಹೋಯಿತೆಂದೇ ಲೆಕ್ಕ. ಅಂಥದನ್ನು ಮತ್ತೆ ತೆಗೆಸಲು ಸಾಧ್ಯವೆ?

ಉಪಾಯ ಕಠಿಣವಲ್ಲ. ಬಿಡಿಸಿಕೊಂಡ ಭಾಗಗಳಲ್ಲಿ ಊರನ್ನು ಎಸೆಯದೆ ಹೆಸರಿನ ಮುಂದೆ ಕಟ್ಟಿರಿ: 'ಕಲಬುರ್ಗಿ-ವಾಡಿ-ಗೃಹಪ್ರವೇಶ.ಜೆಪಿಜಿ', 'ನಾಗಪುರ-ವಾಡಿ-ಗೃಹಪ್ರವೇಶ.ಜೆಪಿಜಿ'. ನಕಲಿಗೆ ಮೊದಲು ಆ ಹೆಸರಿನದು ಅಲ್ಲಿ ಆಗಲೇ ಇದೆಯೆ ಎಂದು 'ಎಗ್ಸಿಸ್ಟ್ಸ್' ಎಂಬ ಪ್ರಶ್ನೆಯಿಂದ ವಿಚಾರಿಸಿರಿ. ಇದ್ದರೆ ನಿಲ್ಲಿಸುವಂತೆ ಬರೆಯಿರಿ. ಕೂಡಿಟ್ಟ ಮೇಲೆ ಎರಡೂ ಕಡೆಯ ಎಣಿಕೆ ತಾಳೆಯಾಗುವ ತನಕ ಮೂಲವನ್ನು ಮುಟ್ಟಬೇಡಿರಿ.

ಈ ಕೆಲಸಕ್ಕೆ ಪಂಡಿತರೇ ಆಗಬೇಕೆಂದಿಲ್ಲ. ಮನೆಯಲ್ಲಿ ಪೈಥಾನ್ ಕಲಿಯುತ್ತಿರುವ ಮಗನೋ ಮಗಳೋ ಇದ್ದರೆ ಅವರಿಗೆ ಹೇಳಿರಿ. ಸಾಲುಗಳನ್ನು ಅವರು ಬರೆಯಲಿ. ಯಾವ ವಾಡಿಯ ಚಿತ್ರ ಯಾವುದೆಂದು ಹಿರಿಯರು ಪಕ್ಕದಲ್ಲಿ ಕುಳಿತು ಹೇಳಲಿ. ಅದನ್ನು ಬಲ್ಲವರು ಅವರೇ ತಾನೆ!