ಕನ್ನಡಿ ಕಳಚಿದ ಕ್ಯಾಮೆರಾದ ಲೆಕ್ಕಾಚಾರ

ವಸ್ತುವೊಂದರ ಬೆಲೆಯನ್ನು ನಾವು ಸಾಮಾನ್ಯವಾಗಿ ಅಂಗಡಿಯ ರಸೀದಿಯಿಂದ ಅಳೆಯುತ್ತೇವೆ. ಕೊಂಡ ಮೇಲೆ ಅದನ್ನು ಹೊರುವ ಶ್ರಮ, ಕಾಪಾಡುವ ಚಿಂತೆ, ಬಳಸದೆ ಕಳೆದ ದಿನಗಳ ನಷ್ಟ ಯಾವ ರಸೀದಿಯಲ್ಲೂ ನಮೂದಾಗುವುದಿಲ್ಲ. ಭಾರವಾದ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಬಿಟ್ಟು ಹಗುರವಾದ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳಬೇಕೇ ಎಂದು ಹವ್ಯಾಸಿ ಛಾಯಾಗ್ರಾಹಕರು ನಡೆಸುತ್ತಿರುವ ಚರ್ಚೆ ಮೂಲತಃ ಈ ನಮೂದಾಗದ ವೆಚ್ಚಗಳಿಗೆ ಸಂಬಂಧಿಸಿದ್ದು.

ಎರಡರ ನಡುವಿನ ವ್ಯತ್ಯಾಸ ಸರಳವಾದದ್ದು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯು ಬೆಳಕನ್ನು ಮೇಲಕ್ಕೆ ತಿರುಗಿಸಿ, ಪಟ್ಟಕದ ಮೂಲಕ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೇಳುತ್ತದೆ, ಬೆಳಕು ಸಂವೇದಕದ ಮೇಲೆ ಬೀಳುತ್ತದೆ. ಮಿರರ್‌ಲೆಸ್‌ನಲ್ಲಿ ಈ ಕನ್ನಡಿಯೂ ಇಲ್ಲ, ಪಟ್ಟಕವೂ ಇಲ್ಲ. ಸಂವೇದಕವು ಕಂಡದ್ದನ್ನೇ ಪುಟ್ಟ ಪರದೆಯೊಂದು ನೇರವಾಗಿ ತೋರಿಸುತ್ತದೆ. ಚಿತ್ರ ಎಷ್ಟು ಬೆಳ್ಳಗೆ ಅಥವಾ ಕಪ್ಪಗೆ ಬರಲಿದೆ ಎಂಬುದು ಗುಂಡಿ ಒತ್ತುವ ಮೊದಲೇ ತಿಳಿಯುತ್ತದೆ. ಸದ್ದಿಲ್ಲದೆ ಚಿತ್ರ ತೆಗೆಯಲೂ ಸಾಧ್ಯವಿರುವುದರಿಂದ ಸಂಗೀತ ಕಚೇರಿಯಲ್ಲಾಗಲಿ, ಕೆರೆಯ ದಂಡೆಯಲ್ಲಾಗಲಿ ಇದು ಸಣ್ಣ ಅನುಕೂಲವೇನಲ್ಲ.

2008ರಲ್ಲಿ ಪ್ಯಾನಸೋನಿಕ್ ಕಂಪನಿಯ ಜಿ1 ಕ್ಯಾಮೆರಾದಿಂದ ಮೊದಲ್ಗೊಂಡ ಈ ಧಾರೆಗೆ 2013ರಲ್ಲಿ ಸೋನಿಯ ಎ7 ಬಲ ತುಂಬಿತು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಕೂಡ ಪೂರ್ಣ ಗಾತ್ರದ ಸಂವೇದಕವುಳ್ಳ ಮಿರರ್‌ಲೆಸ್‌ಗಳನ್ನು ಹೊರತಂದವು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಅಂಕಿ-ಅಂಶಗಳ ಪ್ರಕಾರ, 2023ರಲ್ಲಿ ರವಾನೆಯಾದ ಮಿರರ್‌ಲೆಸ್ ಕ್ಯಾಮೆರಾಗಳು ಸುಮಾರು 48 ಲಕ್ಷವಾದರೆ ಡಿಎಸ್‌ಎಲ್‌ಆರ್‌ಗಳು 12 ಲಕ್ಷದಷ್ಟು ಮಾತ್ರ. ಮಾರುಕಟ್ಟೆ ತನ್ನ ತೀರ್ಪನ್ನು ನೀಡಿದೆ ಎನ್ನಬಹುದು. ಆದರೆ ಮಾರುಕಟ್ಟೆಯ ತೀರ್ಪು ಪ್ರತಿಯೊಬ್ಬ ಗ್ರಾಹಕನ ತೀರ್ಪೂ ಆಗಬೇಕೆಂಬ ನಿಯಮವಿಲ್ಲ.

ತೂಕದ ಲೆಕ್ಕವನ್ನೇ ನೋಡೋಣ. ನಿಕಾನ್ ಡಿ850 ಬ್ಯಾಟರಿ ಸಹಿತ 1005 ಗ್ರಾಂ ತೂಗುತ್ತದೆ. ಅದಕ್ಕೆ ಹೊಂದುವ 24-70 ಮಿ.ಮೀ. ಎಫ್2.8 ಲೆನ್ಸ್ 1070 ಗ್ರಾಂ. ಅದೇ ಕಂಪನಿಯ ಜೆಡ್7 ಮಿರರ್‌ಲೆಸ್ 675 ಗ್ರಾಂ, ಅದರ ಅಷ್ಟೇ ಸಾಮರ್ಥ್ಯದ ಲೆನ್ಸ್ 805 ಗ್ರಾಂ. ಅಂದರೆ ಕೊರಳಿಗೆ ಉಳಿತಾಯ ಸುಮಾರು 600 ಗ್ರಾಂ. ಮೂವತ್ತರ ಹರೆಯದವರಿಗೆ ಇದು ಲೆಕ್ಕಕ್ಕೆ ಬಾರದ ಸಂಗತಿ. ಅರವತ್ತು ದಾಟಿದವರ ಕತ್ತು, ಭುಜ, ಮಣಿಕಟ್ಟುಗಳಿಗೆ ಮಾತ್ರ ಮೂರು ಗಂಟೆಗಳ ನಡಿಗೆಯಲ್ಲಿ ಅದರ ಅರ್ಥ ಚೆನ್ನಾಗಿ ತಿಳಿಯುತ್ತದೆ.

ಹಕ್ಕಿಗಳ ಬೆನ್ನುಹತ್ತಿದವರು ಇಲ್ಲೊಂದು ಎಚ್ಚರ ವಹಿಸಬೇಕು. ದೂರದ ದೃಶ್ಯವನ್ನು ಹಿಡಿಯುವ ಟೆಲಿ ಲೆನ್ಸಿಗೆ ಬೇಕಾದ ಗಾಜಿನ ವ್ಯಾಸ ಭೌತವಿಜ್ಞಾನದ ನಿಯಮದಿಂದ ನಿರ್ಧಾರವಾಗುತ್ತದೆ. ಕನ್ನಡಿ ತೆಗೆದ ಮಾತ್ರಕ್ಕೆ ಅದು ಕುಗ್ಗುವುದಿಲ್ಲ. ಡಿಎಸ್‌ಎಲ್‌ಆರ್‌ಗೆಂದು ಬಂದ 200-500 ಮಿ.ಮೀ. ಲೆನ್ಸ್ 2300 ಗ್ರಾಂ ಇದ್ದರೆ, 2023ರಲ್ಲಿ ಮಿರರ್‌ಲೆಸ್‌ಗೆಂದು ಬಂದ 180-600 ಮಿ.ಮೀ. ಲೆನ್ಸ್ 2140 ಗ್ರಾಂ. ಬ್ಯಾಟರಿಯ ವಿಷಯದಲ್ಲಂತೂ ಹಳೆಯದೇ ಮೇಲು. ಒಮ್ಮೆ ಚಾರ್ಜ್ ಮಾಡಿದರೆ ಡಿ850 ಸುಮಾರು 1840 ಚಿತ್ರಗಳಿಗೆ ಬರುತ್ತದೆಂದು ತಯಾರಕರೇ ಹೇಳುತ್ತಾರೆ. ಜೆಡ್7ಕ್ಕೆ ಅವರು ಹೇಳುವ ಸಂಖ್ಯೆ 330. ಕಾಡಿಗೆ ಹೋಗುವವರು ಇನ್ನೆರಡು ಬ್ಯಾಟರಿಗಳನ್ನು ಜೇಬಿನಲ್ಲಿಟ್ಟುಕೊಳ್ಳುವುದು ಅನಿವಾರ್ಯ.

ಬದಲಾವಣೆಗೆ ಅಡ್ಡಿಯಾಗುವುದು ಬಹುತೇಕ ಕ್ಯಾಮೆರಾಕ್ಕಿಂತ ಹೆಚ್ಚಾಗಿ ವರ್ಷಗಳಿಂದ ಕೂಡಿಟ್ಟ ಲೆನ್ಸ್‌ಗಳೇ. ‘ಇಷ್ಟು ಹಣ ಹಾಕಿದ್ದೇನಲ್ಲ’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಅರ್ಥಶಾಸ್ತ್ರ ಇದನ್ನು ಮುಳುಗಿದ ವೆಚ್ಚವೆನ್ನುತ್ತದೆ. ಮರಳಿ ಬಾರದ ಹಣ ಮುಂದಿನ ತೀರ್ಮಾನವನ್ನು ನಿರ್ದೇಶಿಸಕೂಡದು ಎಂಬುದು ಅದರ ಪಾಠ. ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇನ್ನು ಮುಂದೆ ಈ ಸಲಕರಣೆಯಿಂದ ದೊರೆಯುವ ಸಂತೋಷವೆಷ್ಟು, ಅದಕ್ಕೆ ತೆರಬೇಕಾದದ್ದೆಷ್ಟು? ಅಡಾಪ್ಟರ್ ಬಳಸಿದರೆ ಹಳೆಯ ಲೆನ್ಸ್‌ಗಳಲ್ಲಿ ಬಹಳಷ್ಟು ಹೊಸ ಕ್ಯಾಮೆರಾದಲ್ಲೂ ಕೆಲಸ ಮಾಡುತ್ತವೆ. ಆದರೆ ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ, ಒಳಗೆ ಮೋಟಾರು ಇಲ್ಲದ ಹಳೆಯ ಲೆನ್ಸ್‌ಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಎಲ್ಲವನ್ನೂ ಒಮ್ಮೆಲೇ ಮಾರುವ ಆತುರ ಸಲ್ಲದು.

ಚಿತ್ರದ ಗುಣಮಟ್ಟ ಒಮ್ಮೆಲೇ ಏರುತ್ತದೆಂಬ ಆಸೆಯಿಂದ ಬದಲಾಯಿಸುವವರಿಗೆ ನಿರಾಸೆ ಕಾದಿದೆ. ಮೂಡಿಗೆರೆಯ ಪರಿಸರದಲ್ಲಿ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರು ನಮ್ಮನ್ನಗಲಿದ್ದು 2007ರಲ್ಲಿ, ಮೊದಲ ಜಿ1 ಬರುವುದಕ್ಕೆ ಮುಂಚಿನ ವರ್ಷ. ತಾಳ್ಮೆ, ಹಕ್ಕಿಯ ಸ್ವಭಾವದ ಅರಿವು ಯಾವ ಕ್ಯಾಮೆರಾದ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಹಾಗಾಗಿ ಈಗಷ್ಟೇ ಕಲಿಯಹೊರಟ ವಿದ್ಯಾರ್ಥಿ, ಇತರರು ಬಿಟ್ಟುಕೊಡುತ್ತಿರುವ ಒಳ್ಳೆಯ ಸ್ಥಿತಿಯ ಡಿಎಸ್‌ಎಲ್‌ಆರ್ ಒಂದನ್ನು ಕಡಿಮೆ ಬೆಲೆಗೆ ಕೊಳ್ಳುವುದೇ ಜಾಣತನ.

ಹಿರಿಯರ ಮಾತು ಬೇರೆ. ದುಡಿಮೆಯ ವರ್ಷಗಳಲ್ಲಿ ಬಿಡುವಿರಲಿಲ್ಲ. ಬಿಡುವು ದೊರೆತಾಗ ದೇಹ ಸಹಕರಿಸುವುದಿಲ್ಲ. ನಿವೃತ್ತಿಯ ಬಳಿಕ ಈ ಹವ್ಯಾಸಕ್ಕೆ ಮರಳಿದ ನನ್ನಂಥ ಹಲವರ ಅನುಭವವಿದು. ಮೊದಲು ದೊಡ್ಡ ಲೆನ್ಸ್ ಮನೆಯಲ್ಲಿ ಉಳಿಯುತ್ತದೆ, ಆಮೇಲೆ ಕ್ಯಾಮೆರಾ, ಕೊನೆಗೆ ಬೆಳಗಿನ ನಡಿಗೆಯೇ ನಿಲ್ಲುತ್ತದೆ. ಬೀರುವಿನಲ್ಲಿ ಉಳಿದ ಕ್ಯಾಮೆರಾ ಎಷ್ಟೇ ಶ್ರೇಷ್ಠವಾಗಿದ್ದರೂ ಅದರ ಪ್ರತಿ ಚಿತ್ರದ ವೆಚ್ಚ ಅಪರಿಮಿತ. 600 ಗ್ರಾಂ ಇಳಿಸುವುದರಿಂದ ಇನ್ನೂ ಐದಾರು ವರ್ಷ ಕೆರೆಯ ದಂಡೆಗೆ ಹೋಗಿಬರುವಂತಾದರೆ, ಅದಕ್ಕೆ ತೆತ್ತ ಹಣವನ್ನು ದುಂದು ಎನ್ನಲಾಗದು.