ಜೆಟ್ ಸ್ಕೀಗೆ ತ್ರಾಸಿ, ಹಲಗೆಗೆ ಬೆಂಗ್ರೆ, ಕಾಲು ನೆನೆಸಲು ಕೋಡಿ

ಬಾಲಿಗೋ ಅಂಡಮಾನಿಗೋ ಹೊರಟವರು ಹೋಟೆಲಿಗಿಂತ ಮೊದಲು ಬೀಚು ಆರಿಸುತ್ತಾರೆ. ಈ ಬದಿಯಲ್ಲಿ ಅಲೆ, ಆ ಬದಿಯಲ್ಲಿ ಹವಳ, ಮತ್ತೊಂದು ಕಡೆ ಮಕ್ಕಳಿಗೆ ಮೊಣಕಾಲುದ್ದದ ನೀರು ಎಂದು ನಕ್ಷೆ ಹರಡಿಕೊಂಡು ಲೆಕ್ಕ ಹಾಕುತ್ತಾರೆ. ಅದೇ ಜನ ಕುಂದಾಪುರದ ಕಡೆಗೆ ಬಂದರೆ ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಿ, ಮೊದಲು ಕಂಡ ಕಡಲಿಗೆ ಇಳಿದುಬಿಡುತ್ತಾರೆ. ಶಿರೂರಿನಿಂದ ಕೋಡಿಬೆಂಗ್ರೆಯವರೆಗೆ ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲ್ಲೂಕುಗಳ ಕರಾವಳಿ ನಕ್ಷೆಯಲ್ಲಿ ಒಂದೇ ಹೊಯ್ಗೆಯ ಪಟ್ಟಿ. ಕಾಲಿಟ್ಟು ನೋಡಿದರೆ ಮಾತ್ರ ಒಂದು ದಂಡೆಯ ನೀರಿಗೂ ಇನ್ನೊಂದು ದಂಡೆಯ ನೀರಿಗೂ ಸಂಬಂಧವೇ ಇಲ್ಲ.

ನೀರಾಟದ ಗದ್ದಲವೆಲ್ಲ ಈಗ ತ್ರಾಸಿಯಲ್ಲಿದೆ. ಕುಂದಾಪುರದಿಂದ ಉತ್ತರಕ್ಕೆ ಹತ್ತು ಹನ್ನೆರಡು ಕಿ.ಮೀ. ಜನವರಿಯ ಭಾನುವಾರ, ಹೊತ್ತು ಹನ್ನೊಂದು ದಾಟಿತ್ತು. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ ನೋಂದಣಿಯ ಗಾಡಿಗಳು ಸಾಲುಗಟ್ಟಿದ್ದವು. ಜೆಟ್ ಸ್ಕೀಯ ಕಿರುಚಾಟದ ನಡುವೆ ಸ್ಪೀಡ್ ಬೋಟಿನ ಹಿಂದೆ ಬಾಳೆಕಾಯಿ ಆಕಾರದ ಹಳದಿ ರಬ್ಬರ್ ದೋಣಿ. ಅದರ ಮೇಲೆ ಕೂತವರನ್ನು ನೀರಿಗೆ ಬೀಳಿಸುವುದೇ ಆಟವಂತೆ. ದುಡ್ಡು ಕೊಟ್ಟು ಬೀಳುವವರ ಸರತಿ ಉದ್ದವಿತ್ತು.

ಹತ್ತಿರ ನಿಂತು ನೋಡಿದರೆ ಕಾಣುವುದು ಬೇರೆ. ಹುಡುಗರು ಬಂದವರಿಗೆಲ್ಲ ಲೈಫ್ ಜಾಕೆಟ್ ತೊಡಿಸಿ ಎದೆಯ ಕ್ಲಿಪ್ಪುಗಳನ್ನು ಟಕ್ ಟಕ್ ಎಂದು ಹಾಕುತ್ತಾರೆ. ತೊಡೆಯ ಸಂದಿಯಿಂದ ಎಳೆದು ಬಿಗಿಯಬೇಕಾದ ಪಟ್ಟಿ ಹಿಂದೆ ಬಾಲದಂತೆ ಜೋತಾಡುತ್ತಿರುತ್ತದೆ. ಅದನ್ನು ಬಿಗಿಯದಿದ್ದರೆ ನೀರಿಗೆ ಬಿದ್ದ ಕ್ಷಣ ಜಾಕೆಟ್ಟು ಕಿವಿಯವರೆಗೆ ಏರಿ, ಮನುಷ್ಯ ಕೆಳಗೆ ಜಾರುತ್ತಾನೆ. ಸೀರೆ, ಚೂಡಿದಾರದವರು ಮುಜುಗರದಿಂದ ಬೇಡವೆನ್ನುತ್ತಾರೆ, ಹುಡುಗರೂ ಒತ್ತಾಯಿಸುವುದಿಲ್ಲ. 2024ರ ಡಿಸೆಂಬರಿನಲ್ಲಿ ಇದೇ ತ್ರಾಸಿಯಲ್ಲಿ ಜೆಟ್ ಸ್ಕೀ ಮಗುಚಿತ್ತು. ಪ್ರವಾಸಿ ಉಳಿದರು, ಓಡಿಸುತ್ತಿದ್ದವರು ಉಳಿಯಲಿಲ್ಲ. ದರಪಟ್ಟಿಯ ಫಲಕ ದೂರಕ್ಕೇ ಕಾಣುತ್ತದೆ. ಅದರ ಪಕ್ಕದಲ್ಲಿ ಅಂದಿನ ಗಾಳಿ ಎಷ್ಟು, ಅಲೆ ಎಷ್ಟು, ಭರತ ಯಾವ ಹೊತ್ತಿಗೆ ಎಂದು ಸೀಮೆಸುಣ್ಣದಲ್ಲಿ ಬರೆಯಲು ಎರಡಡಿ ಹಲಗೆ ಸಾಕು. ಕಾಣಲಿಲ್ಲ.

ಆ ಹಲಗೆಯ ಕೆಲಸವನ್ನು ಒಬ್ಬರು ಬಾಯಲ್ಲೇ ಮಾಡುತ್ತಿದ್ದರು. ಅರವತ್ತರ ಅಂಚಿನ ಖಾರ್ವಿ ಸಮುದಾಯದ ಹಿರಿಯರು, ತಲೆಗೆ ಮುಂಡಾಸು, ಕೊರಳಲ್ಲಿ ಸೀಟಿ. ನೇಮಿಸಿದವರು ಯಾರೋ ತಿಳಿಯಲಿಲ್ಲ, ಕೇಳಿದರೆ ಮಗನ ಬೋಟಿದೆ ಎಂದು ಸಮುದ್ರದ ಕಡೆ ಗಲ್ಲ ತೋರಿಸಿದರು.

"ಹ್ವಾಯ್, ಕಡ್ಲ್ ಕಾಂಬುಕೆ ಬಂದದ್ದಾ, ಇಳುಕೆ ಬಂದದ್ದಾ? ಕಾಂಬುಕೆ ಆರೆ ಇಡೀ ದಿನ ಕಾಣಿ. ಇಳುಕೆ ಆರೆ ಮೊದ್ಲ್ ನನ್ನತ್ರ ಕೇಣಿ."

ಕೇಳಿದೆ. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ ಅವರದೇ ಮಾತು. ಚಳಿಗಾಲದಲ್ಲಿ ಬೆಳಗಿನ ಹೊತ್ತು ಮೂಡುಗಾಳಿ, ಅದು ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ಮಟ್ಟಸ. ಮಧ್ಯಾಹ್ನದ ಮೇಲೆ ಪಡುಗಾಳಿ ಏರುತ್ತದೆ, ನೀರು ಕದಡುತ್ತದೆ. ಹಾಗಾಗಿ ದೋಣಿ, ಜೆಟ್ ಸ್ಕೀ ಆಟಕ್ಕೆ ಹತ್ತು ಗಂಟೆಯೊಳಗೆ ಬನ್ನಿ ಎನ್ನುವುದು ಅವರ ಲೆಕ್ಕ. ಪ್ರವಾಸಿಗರು ಬರುವುದು ಸಂಜೆ ನಾಲ್ಕಕ್ಕೆ, ಸೂರ್ಯಾಸ್ತದ ಫೋಟೊ ಬೇಕಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಭರತ ಇಳಿತ ಜೋರು, ಅಷ್ಟಮಿಯ ಹೊತ್ತಿಗೆ ಮಂದ. ಆಮೇಲೆ ನನ್ನ ಭುಜ ಹಿಡಿದು ತಿರುಗಿಸಿ ನೀರು ತೋರಿಸಿದರು.

"ಬೆಳ್ಳಗೆ ನೊರೆ ಇದ್ದಲ್ ಅಷ್ಟ್ ಹೆದ್ರಿಕಿ ಇಲ್ಲೆ. ಎರಡ್ ಬದಿ ನೊರೆ, ಮಧ್ಯ ಕಪ್ಪ್ ನೀರ್ ಇತ್ತಲೆ, ಅದ್ ಸೆಳ್ತ. ಪ್ಯಾಟಿಯರ್ ಅದೇ ಸಮ ಇತ್ ಅಂದೇಳಿ ಇಳಿತ್ರ್ ಮಾರ್ರೆ."

ಅಲೆ ಒಡೆಯದ ಆ ಶಾಂತ ಓಣಿಯಲ್ಲೇ ದಂಡೆಗೆ ಬಂದ ನೀರೆಲ್ಲ ಒಟ್ಟಾಗಿ ವಾಪಸು ಹೋಗುವುದು. ಸಿಕ್ಕಿಬಿದ್ದವರು ನೇರ ದಡಕ್ಕೆ ಈಜಿದರೆ ಸೋಲುತ್ತಾರೆ, ದಡಕ್ಕೆ ಸಮಾನಾಂತರವಾಗಿ ತೆಂಕಕ್ಕೋ ಬಡಗಕ್ಕೋ ಸರಿದು ನೊರೆ ಇರುವಲ್ಲಿ ಹೊರಬರಬೇಕು. ಪುಸ್ತಕವೂ ಅದನ್ನೇ ಹೇಳುತ್ತದೆ, ಇವರು ಹೇಳಿದಷ್ಟು ಚುಟುಕಾಗಿ ಅಲ್ಲ.

ಅವರ ತಂದೆ ರಂಪಣಿ ಕಾಲದವರು. ನೂರಾರು ಜನ ದಂಡೆಯಲ್ಲಿ ನಿಂತು ಎಳೆಯುತ್ತಿದ್ದ ಆ ದೊಡ್ಡ ಬಲೆ, 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದು ಮೀನಿನ ಹಿಂಡನ್ನು ಆಳದಲ್ಲೇ ಸುತ್ತುವರಿಯತೊಡಗಿದ ಮೇಲೆ ಕೆಲವೇ ವರ್ಷಗಳಲ್ಲಿ ಮಾಯವಾಯಿತು. ಉಳಿದದ್ದು ಅದರ ತಮ್ಮ, ಕೈರಂಪಣಿ. ದೋಣಿಯೊಂದು ಹಗ್ಗದ ಒಂದು ತುದಿಯನ್ನು ದಂಡೆಯಲ್ಲಿ ಬಿಟ್ಟು, ಬಲೆ ಇಳಿಸುತ್ತ ಅರ್ಧಚಂದ್ರಾಕಾರ ಸುತ್ತಿ, ಸ್ವಲ್ಪ ದೂರದಲ್ಲಿ ಇನ್ನೊಂದು ತುದಿ ತಂದುಕೊಡುತ್ತದೆ. ಎರಡೂ ಕಡೆ ಜನ ಸೊಂಟ ಕೊಟ್ಟು ಹಿಂದಕ್ಕೆ ನಡೆಯುತ್ತ ಎಳೆಯುತ್ತಾರೆ. ಸಿಕ್ಕಿದ್ದರಲ್ಲಿ ಬಲೆಗೆ, ದೋಣಿಗೆ, ಎಳೆದವರಿಗೆ ಪಾಲು. ಕೋಟ ಪಡುಕೆರೆ, ಬೀಜಾಡಿ, ಕೋಡಿ ಕಡೆ ಈಗಲೂ ಕಾಣಸಿಗುತ್ತದೆ, ಎಳೆಯಲು ಹುಡುಗರು ಸಿಕ್ಕ ದಿನ. ಹುಡುಗರು ಇಲ್ಲಿದ್ದಾರೆ, ಪ್ಯಾರಾಸೈಲ್ ಕೆಲಸದಲ್ಲಿ.

"ಅಪ್ಪಯ್ಯ ರಂಪಣಿ ಎಳ್ದ್ರ್, ನಾನ್ ಕೈರಂಪಣಿ ಎಳ್ದೆ, ಮಗ ಇದ್ನ್ ಎಳಿತ. ಹಗ್ಗ ಮಾತ್ರ ನಮ್ಮನ್ ಬಿಟ್ಟದ್ದಿಲ್ಲೆ" ಎಂದು ನಕ್ಕರು.

ದೂರು ಬಂದದ್ದು ಆಮೇಲೆ. ಹುಟ್ಟಿದಾಗಿನಿಂದ ನೀರಲ್ಲಿದ್ದ ಮಗ ಬೋಟು ಓಡಿಸುವ ಸರ್ಟಿಫಿಕೇಟಿಗೆ ಗೋವಾಕ್ಕೆ ಹೋಗಬೇಕಾಯಿತು. ಅಲ್ಲಿನ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯ ತರಬೇತಿಗೆ ಬೆಲೆ ಇರುವುದು ಸರಿಯೇ. ಆದರೆ ಕುಂದಾಪುರದಲ್ಲೋ ಮಲ್ಪೆಯಲ್ಲೋ ವರ್ಷಕ್ಕೊಂದು ಶಿಬಿರ ಮಾಡಿದರೆ ದಿನಗೂಲಿ ಬಿಟ್ಟು ಹೋಗಲಾಗದ ಹತ್ತಾರು ಹುಡುಗರೂ ಕಲಿತಾರು ಎನ್ನುವ ಅವರ ವಾದದಲ್ಲಿ ತಪ್ಪೇನಿದೆ?

ಪಕ್ಕದ ಮರವಂತೆಯ ಮಾತು ಬೇರೆ. ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ಮಧ್ಯೆ ರಾಷ್ಟ್ರೀಯ ಹೆದ್ದಾರಿ 66. ಕೊಡಚಾದ್ರಿಯಿಂದ ಇಳಿದು ಬಂದ ಹೊಳೆ ಸಮುದ್ರದ ಇಷ್ಟು ಹತ್ತಿರ ಬಂದೂ ಸೇರದೆ, ಬೆನ್ನು ತಿರುಗಿಸಿ ದಕ್ಷಿಣಕ್ಕೆ ಹರಿದು ಗಂಗೊಳ್ಳಿ ಅಳಿವೆ ತಲುಪುತ್ತದೆ. ಕ್ಯಾಲೆಂಡರಿನವರಿಗೂ ಡ್ರೋನಿನವರಿಗೂ ಪ್ರಿಯವಾದ ಜಾಗ. ಈಜಲು ಅಲ್ಲ. ದಂಡೆ ಕಡಿದಾದ್ದರಿಂದ ಅಲೆ ಕಾಲ ಬುಡದಲ್ಲೇ ಬಂದು ಅಪ್ಪಳಿಸುತ್ತದೆ. ಕಡಲ್ಕೊರೆತ ತಡೆಯಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಲ್ಲಿನ ಗ್ರೋಯ್ನ್‌ಗಳನ್ನು ಸಮುದ್ರದೊಳಕ್ಕೆ ಚಾಚಲಾಗಿದೆ. ರಸ್ತೆ ಉಳಿದದ್ದು ದೊಡ್ಡ ಮಾತು, ಆದರೆ ಪಾಚಿ ಹಿಡಿದ ಆ ಬಂಡೆಗಳ ಮೇಲೆ ಸೆಲ್ಫಿಗೆ ನಿಲ್ಲುವವರನ್ನು ಕಂಡರೆ ಜೀವ ಹೊಡೆದುಕೊಳ್ಳುತ್ತದೆ. ಮರವಂತೆಯಲ್ಲಿ ನೀರಿಗಿಳಿಯುವ ಆಸೆಯಿದ್ದರೆ ರಸ್ತೆ ದಾಟಿ ಹೊಳೆಯ ಕಡೆ ನೋಡುವುದೇ ಲೇಸು. ರಸ್ತೆ ದಾಟುವುದೂ ಒಂದು ಸಾಹಸ ಕ್ರೀಡೆಯೇ. ಒದ್ದೆ ಬಟ್ಟೆ ಬದಲಿಸಲು ಜಾಗ ಹುಡುಕಿ ಸೋತ ಹುಬ್ಬಳ್ಳಿಯ ಕುಟುಂಬವೊಂದು ಕಾರಿನ ಬಾಗಿಲಿಗೆ ಬೆಡ್‌ಶೀಟ್ ಕಟ್ಟಿಕೊಂಡಿತ್ತು.

    

ಬ್ರಹ್ಮಾವರ ತಾಲ್ಲೂಕಿನ ಕೋಡಿಬೆಂಗ್ರೆಯಲ್ಲಿ ಯಂತ್ರದ ಸದ್ದಿಲ್ಲ. ಸೀತಾ, ಸುವರ್ಣಾ ಹೊಳೆಗಳು ಸಮುದ್ರ ಸೇರುವ ಅಳಿವೆಯ ಪಕ್ಕದ ತೆಳು ನೆಲದ ನಾಲಗೆ ಅದು. ತಾಲ್ಲೂಕು ಯಾವುದಾದರೇನು, ನೆಲದ ದಾರಿಯಲ್ಲಿ ಬರಬೇಕಾದರೆ ಕೆಮ್ಮಣ್ಣು, ಹೂಡೆ ಸುತ್ತಿಯೇ ಬರಬೇಕು. ಹಂಗಾರಕಟ್ಟೆಯವರಿಗೆ ಎದುರು ದಡ ಕಣ್ಣಿಗೆ ಕಾಣುತ್ತದೆ, ನಡುವೆ ನೀರು. ಮಣಿಪಾಲದಲ್ಲಿ ಓದುತ್ತಿದ್ದ ಇಶಿತಾ ಮಾಳವೀಯ ಮತ್ತು ತುಷಾರ್ ಪಥಿಯಾನ್ 2007ರಲ್ಲಿ ಶುರು ಮಾಡಿದ ಶಾಕಾ ಸರ್ಫ್ ಕ್ಲಬ್ ಬೇರೂರಿದ್ದು ಈ ಬೆಂಗ್ರೆಯಲ್ಲಿ. ದೇಶದ ಮೊದಲ ವೃತ್ತಿಪರ ಮಹಿಳಾ ಸರ್ಫರ್ ಎಂದು ಇಶಿತಾ ಹೆಸರಾದರು. ಇಲ್ಲಿನ ದಂಡೆ ನಿಧಾನಕ್ಕೆ ಆಳವಾಗುವುದರಿಂದ ಅಲೆ ದೂರದಲ್ಲೇ ಒಡೆದು ನೊರೆಯಾಗಿ ಉರುಳಿ ಬರುತ್ತದೆ. ಹೊಸಬರಿಗೆ ಬೇಕಾದ್ದು ಅಂಥ ಅಲೆಯೇ. ಮೊದಲ ಪಾಠ ಹೊಯ್ಗೆಯ ಮೇಲೆ: ಹಲಗೆಗೆ ಬೋರಲು ಬಿದ್ದು, ಅಂಗೈ ಊರಿ, ಒಂದೇ ನೆಗೆತಕ್ಕೆ ಎದ್ದು ನಿಲ್ಲುವುದು. ಊರಿನ ಮಕ್ಕಳು ಅದನ್ನು ಲಗೋರಿ ಆಡಿದಷ್ಟೇ ಸಲೀಸಾಗಿ ಮಾಡುತ್ತಿದ್ದರು. ಹಲಗೆಯಾಟ ಇಲ್ಲಿ ಮಾಡಿ, ಅಳಿವೆಯ ಬಾಯಿಗೆ ಮಾತ್ರ ಹೋಗಬೇಡಿ. ಇಳಿತದ ಹೊತ್ತಿಗೆ ಎರಡು ಹೊಳೆಯ ನೀರು ಒಟ್ಟಿಗೆ ಹೊರನುಗ್ಗುತ್ತದೆ.

ಅಲೆಯೇ ಬೇಡ ಎನ್ನುವವರಿಗೆ ಸಾಲಿಗ್ರಾಮದ ಪಾರಂಪಳ್ಳಿ ಇದೆ. ಸೀತಾ ನದಿಯ ಹಿನ್ನೀರಿನ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ಹುಟ್ಟು ಹಾಕುತ್ತ ಹೋಗಬಹುದು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಯಾರೂ ಕೂರಬಹುದಾದ ನೀರು. ಇಳಿಯುವಾಗ ಚಪ್ಪಲಿ ಬಿಡಬೇಡಿ, ಕೆಸರಿನೊಳಗಿನ ಚಿಪ್ಪು ಬ್ಲೇಡಿನಷ್ಟು ಚೂಪು. ಭರತದ ಹೊತ್ತು ಕೇಳಿಕೊಂಡು ಹೋಗಿ, ಇಳಿತದಲ್ಲಿ ಕಯಾಕ್ ಕೆಸರಿಗೆ ಕೂತರೆ ಇಳಿದು ತಳ್ಳುವವರು ನೀವೇ.

ದ್ವೀಪವೇ ಬೇಕೆಂದರೆ ದಕ್ಷಿಣಕ್ಕೆ ಮಲ್ಪೆಯಿಂದ ಸೇಂಟ್ ಮೇರೀಸ್, ಉತ್ತರಕ್ಕೆ ಭಟ್ಕಳ ದಾಟಿದರೆ ಮುರುಡೇಶ್ವರದಿಂದ ಸ್ಕೂಬಾದವರ ನೇತ್ರಾಣಿ. ಇಲ್ಲಿರುವುದು ಕುದ್ರುಗಳು, ಹೊಳೆಯ ನಡುವಿನ ದ್ವೀಪಗಳು. ಯಕ್ಷಗಾನ ಗೊಂಬೆಯಾಟದ ಕೊಗ್ಗ ಕಾಮತರ ಉಪ್ಪಿನಕುದ್ರು ಅಂಥದ್ದೇ ಒಂದು.

ಕುಂದಾಪುರದ ಕೋಡಿಗೆ ಜೆಟ್ ಸ್ಕೀ ಬರುವುದೇ ಬೇಡ ಎನಿಸಿತು. ದೀಪಸ್ತಂಭ, ಅಳಿವೆಯ ಕಲ್ಲುಕಟ್ಟೆಯ ಮೇಲಿನ ಸೀವಾಕ್, ಅಗಲವಾದ ಮರಳು. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುವುದು ಇದೇ ಮರಳಿಗೆ. ಊರಿನ ಸ್ವಯಂಸೇವಕರು ಗೂಡಿಗೆ ಬೇಲಿ ಕಟ್ಟಿ ಕಾಯುತ್ತಾರೆ, ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಆಮೆಯ ಹಂಗಾಮೂ ಪ್ರವಾಸಿಗರ ಹಂಗಾಮೂ ಒಂದೇ. ಅಳಿವೆಯಲ್ಲಿ ಪಂಚಗಂಗಾವಳಿಯ ಐದು ಹೊಳೆಗಳ ನೀರು ಸೇರುವುದರಿಂದ ಸೆಳೆತ ವಿಪರೀತ, ಗಂಗೊಳ್ಳಿಯ ಮೀನುಗಾರರೇ ಅಲ್ಲಿ ಎಚ್ಚರದಿಂದ ದೋಣಿ ದಾಟಿಸುತ್ತಾರೆ. ಇಲ್ಲಿ ಕಾಲು ನೆನೆಸಿ, ನಡೆದು, ಚುರುಮುರಿ ತಿಂದು ಬರಬಹುದು.

ಬೈಂದೂರಿಗೆ ಹೋಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಸೋಮೇಶ್ವರ, ಬಂಡೆಗಳ ಕಡಲು. ಸುಮನಾ ಹೊಳೆ ಬಂದು ಸೇರುವ ಜಾಗ, ಮೇಲೆ ಒತ್ತಿನೆಣೆಯ ಕೆಂಪು ಗುಡ್ಡ. ಮೂರು ತಾಲ್ಲೂಕಿನಲ್ಲಿ ನೋಟಕ್ಕೆ ಇದರಷ್ಟು ಚೆಂದದ ದಂಡೆ ಇನ್ನೊಂದಿಲ್ಲ, ನೀರೊಳಗಿನ ಕಲ್ಲುಗಳಿಂದಾಗಿ ಆಟಕ್ಕೆ ಹೇಳಿಸಿದ್ದೂ ಅಲ್ಲ. ಇಲ್ಲೂ ಜಲಕ್ರೀಡೆ ಬರಲಿ ಎನ್ನುವ ಬೇಡಿಕೆ ಚಹಾದಂಗಡಿಯಲ್ಲಿ ಕಿವಿಗೆ ಬಿತ್ತು. ಬರುವುದಿದ್ದರೆ ಶೌಚಾಲಯ ಮೊದಲು ಬರಲಿ.

ಮೇ ಕೊನೆಯ ಹೊತ್ತಿಗೆ ಯಂತ್ರಗಳೆಲ್ಲ ಶೆಡ್ಡು ಸೇರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ. ಕಡಲಿಗಿಳಿಯಬೇಡಿ ಎಂದು ಎಲ್ಲೆಡೆ ಎಚ್ಚರಿಕೆ. ಆದರೆ ಅದೇ ಮಳೆಗಾಲದ ನಡುವೆ, ಕರ್ಕಾಟಕ ಅಮಾವಾಸ್ಯೆಯಂದು, ಮರವಂತೆಯ ವರಾಹ ದೇವಸ್ಥಾನದ ಜಾತ್ರೆಗೆ ಸುತ್ತಲ ಊರುಗಳೇ ಹೊರಟು ಬರುತ್ತವೆ. ನವದಂಪತಿಗಳೂ ಮೀನುಗಾರರೂ ಸಮುದ್ರಸ್ನಾನ ಮಾಡಿ, ರಸ್ತೆ ದಾಟಿ ಹೊಳೆಯಲ್ಲಿ ಮಿಂದು ದೇವರ ಮುಂದೆ ನಿಲ್ಲುತ್ತಾರೆ. ಕುಂದಾಪ್ರ ಕನ್ನಡ ದಿನವೂ ಅಂದೇ. ಬಸ್ಸಿನಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ, ಹೋಗುವವರು ಬೆಳಕು ಹರಿಯುವ ಮೊದಲೇ ಹೊರಡಿ.