ತೆಂಗಿನಕಾಯಿಯಿಂದ ಶುರುವಾಗುವ ಕುಸ್ತಿ

ಶಿವರಾತ್ರಿ ಮುಗಿದು ಜೋಳದ ರಾಶಿ ಮನೆ ಸೇರಿತೆಂದರೆ ಮಹಾರಾಷ್ಟ್ರದ ಗಡಿಯಂಚಿನ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಊರುಗಳಲ್ಲಿ ಕುಸ್ತಿಯ ಕರಪತ್ರಗಳು ಕಾಣಿಸಿಕೊಳ್ಳುತ್ತವೆ. ಚಹಾದಂಗಡಿಯ ಗೋಡೆ, ಬಸ್‌ಸ್ಟ್ಯಾಂಡಿನ ಕಂಬ, ಈಗೀಗ ಮೊಬೈಲು. ಅಚ್ಚಾಗುವುದು ಮರಾಠಿಯಲ್ಲಿ, ಅದನ್ನು ಓದಿ ಮನೆಯೊಳಗೆ ನಡೆಯುವ ಚರ್ಚೆ ಎಷ್ಟೋ ಕಡೆ ಕನ್ನಡದಲ್ಲಿ. ಯಾವ ಊರ ಜಾತ್ರೆ, ಕಣ ಎಂದು, ಕೊನೆಯ ಜೋಡಿಗೆ ಇನಾಮು ಎಷ್ಟು ಎಂಬಿಷ್ಟೇ ಅದರ ಒಕ್ಕಣೆ. ಮಿರಗದ ಮಳೆ ಬಂದು ಕೂರಿಗೆ ಹೊಲಕ್ಕಿಳಿಯುವ ತನಕ ಈ ಸುಗ್ಗಿ.

ಇದು ಹಳ್ಳಿಯ ಬೇಸಿಗೆ ಲೀಗ್. ಆ ಮಾತು ಕೇಳಿದರೆ ಪೇಟೆಯವರಿಗೆ ಬೇರೆಯದೇ ಚಿತ್ರ. 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್ ಎಂಬ ಊರಿನ ಶಾಲಾ ಹುಡುಗರು ಕಟ್ಟಿದ ಅಲ್ಟಿಮೇಟ್ ಫ್ರಿಸ್ಬಿ ಈಗ ಬೆಂಗಳೂರಿನ ಮೈದಾನಗಳಿಗೂ ಬಂದಿದೆ. ಏಳೇಳು ಮಂದಿಯ ಎರಡು ತಂಡ, 175 ಗ್ರಾಮಿನ ಒಂದು ತಟ್ಟೆ. ತಪ್ಪು ನಡೆದರೆ ಆಟಗಾರರೇ ತೀರ್ಮಾನಿಸಿಕೊಳ್ಳಬೇಕು. ಕೆಲಸ ಮುಗಿಸಿ ಬಂದು ಆಡಿ, ಬಿದ್ದು, ಮಂಡಿ ಕೆತ್ತಿಸಿಕೊಂಡು ಮರುದಿನ ಮತ್ತೆ ಕೆಲಸಕ್ಕೆ ಹೋಗುವವರ ಆಟ ಅದು. ನಮ್ಮ ಗಡಿಸೀಮೆಯಲ್ಲಿ ಆ ಜಾಗದಲ್ಲಿರುವುದು ಜಾತ್ರೆಯ ಜಂಗೀ ನಿಕಾಲಿ ಕುಸ್ತಿ, ಅಂದರೆ ಸೋಲು ಗೆಲುವು ತೀರ್ಮಾನವಾಗುವ ತನಕ ನಡೆಯಬೇಕಾದ ಕುಸ್ತಿ. ಇಲ್ಲಿಯೂ ಆಡುವವರಲ್ಲಿ ಬಹುಪಾಲು ಮಂದಿ ವೃತ್ತಿಯ ಪೈಲ್ವಾನರಲ್ಲ. ಹೊಲದವರು, ಕಾಲೇಜು ಹುಡುಗರು, ಟೆಂಪೋ ಓಡಿಸುವವರು.

ಕಣ ಮಾಡುವುದೇ ಒಂದು ಕೆಲಸ. ಮಣ್ಣನ್ನು ಹದವಾಗಿ ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ ಕಲಸಿ ಬಿಡುತ್ತಾರೆ. ಗಾಯ ಕೀವಾಗಬಾರದು, ಬಿದ್ದವನ ಬೆನ್ನು ಮುರಿಯಬಾರದು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಲಗಿ ಬಡಿಯಲು ಸುರುವಾಗುತ್ತದೆ. ಮೊದಲು ಕಣಕ್ಕಿಳಿಯುವವರು ಚಡ್ಡಿ ಹುಡುಗರು. ಅವರ ಇನಾಮು ತೆಂಗಿನಕಾಯಿ, ಇಲ್ಲವೆ ಒಂದು ಮುಷ್ಟಿ ಬತ್ತಾಸು. ಆಮೇಲೆ ಐವತ್ತರ ಕುಸ್ತಿ, ನೂರರ ಕುಸ್ತಿ, ಐನೂರರದು, ಹೀಗೆ ಮೇಲೇರುತ್ತ ಸಂಜೆಯ ಕೊನೆಯ ಜೋಡಿಗೆ ಬೆಳ್ಳಿ ಕಡಗ, ಫೇಟಾ, ಸಾವಿರಗಟ್ಟಲೆ ರೂಪಾಯಿ.

ತೂಕದ ಯಂತ್ರ ಇರುವುದಿಲ್ಲ. ಜೋಡ ಹಚ್ಚುವ ಹಿರಿಯರು ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಎದೆ, ತೊಡೆ, ಕಿವಿ ನೋಡುತ್ತಾರೆ. ಕಿವಿ ಯಾಕೆಂದರೆ, ಮಣ್ಣಿಗೆ ಉಜ್ಜಿ ಉಜ್ಜಿ ಮುದುಡಿದ ಕಿವಿಯವನು ಎಷ್ಟು ವರ್ಷ ತಾಲೀಮು ಮಾಡಿದ್ದಾನೆಂದು ಬೇರೆ ಹೇಳಬೇಕಿಲ್ಲ. ಹಸಿ ಹುಡುಗನಿಗೆ ಅಂಥವನನ್ನು ಹಚ್ಚಿದರೆ ಸುತ್ತ ಕೂತ ಮಂದಿಯೇ ಎದ್ದು ಕೂಗುತ್ತಾರೆ. ಗೆಲುವಿನ ನಿಯಮ ಒಂದೇ: ಬೆನ್ನು ಮಣ್ಣಿಗೆ ಹತ್ತಬೇಕು, ಚಿತ್ ಆಗಬೇಕು. ಮ್ಯಾಟ್ ಕುಸ್ತಿಯಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಅಂಕಗಳ ಲೆಕ್ಕ. ಇಲ್ಲಿ ಅಂಕ ಕೇಳುವವರಿಲ್ಲ, ಆದರೆ ಯಾವ ಪಟ್ಟು, ಢಾಕ್ ಹಾಕಿದನೋ ಘಿಸ್ಸಾ ಹೊಡೆದನೋ ಎಂಬುದನ್ನು ಎಂಟು ವರ್ಷದ ಪೋರನೂ ಹೇಳುತ್ತಾನೆ.

ಈ ಮಣ್ಣಿನಿಂದಲೇ ಎದ್ದವರು ಹರಿಶ್ಚಂದ್ರ ಬಿರಾಜದಾರ. ಊರು ನಿಲಂಗಾ ತಾಲ್ಲೂಕಿನ ರಾಮಲಿಂಗ ಮುದಗಡ. ಅವರು ಹುಟ್ಟಿದ ಕಾಲಕ್ಕೆ ನಿಲಂಗಾ, ಉದಗೀರ ಎರಡೂ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲ್ಲೂಕುಗಳು. 1956ರಲ್ಲಿ ಮರಾಠವಾಡದ ಕಡೆ ಹೋದವು, 1982ರಲ್ಲಿ ಲಾತೂರು ಜಿಲ್ಲೆಯಾಯಿತು. ಕೊಲ್ಹಾಪುರದ ಗಂಗಾವೇಸ್ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಪಳಗಿದ ಬಿರಾಜದಾರರು 1969ರಲ್ಲಿ ಆ ರಾಜ್ಯದ ದೊಡ್ಡ ಕುಸ್ತಿ ಬಿರುದು ಗೆದ್ದು ಮಹಾರಾಷ್ಟ್ರ ಕೇಸರಿಯಾದರು. ಅದರ ಹಿಂದಿನ ಎರಡು ವರ್ಷ ಆ ಬಿರುದು ಬೆಳಗಾವಿ ಕಡೆಯ ಚಂಬಾ ಮುತ್ನಾಳರದಾಗಿತ್ತು. ಮಹಾರಾಷ್ಟ್ರದ ಕೇಸರಿ ಪಟ್ಟ ಮೂರು ವರ್ಷ ಹೀಗೆ ಗಡಿಯಂಚಿನವರ ಬಳಿಯೇ ಉಳಿದದ್ದನ್ನು ನಮ್ಮ ಗಡಿ ಭಾಷಣಕಾರರು ಯಾರೂ ಹೇಳುವುದಿಲ್ಲ. 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕೂಟದಲ್ಲಿ ಬಿರಾಜದಾರರು ಚಿನ್ನ ಗೆದ್ದರು. ಆದರೆ ಹಳ್ಳಿಯ ಹಿರಿಯರ ಬಾಯಲ್ಲಿ ಅವರ ಹೆಸರು ಬರುವುದು ಆ ಚಿನ್ನಕ್ಕಲ್ಲ, 1977ರಲ್ಲಿ ಬೆಳಗಾವಿಯ ಕಣದಲ್ಲಿ ದಿಲ್ಲಿಯ ಸತ್ಪಾಲರನ್ನು ಕೆಡವಿದ್ದಕ್ಕೆ. ಮುಂದೆ ಪುಣೆಯಲ್ಲಿ ವಸ್ತಾದರಾಗಿ ಹುಡುಗರನ್ನು ತಯಾರು ಮಾಡಿದರು, 2011ರಲ್ಲಿ ತೀರಿಕೊಂಡರು. ಅವರ ಶಿಷ್ಯ, ಬೀಡ ಜಿಲ್ಲೆಯ ರಾಹುಲ್ ಆವಾರೆ 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದರು.

ಇದು ಏರಿನ ಮಾತಾಯಿತು. ಇಳಿತದ್ದೂ ಇದೆ, ಅದರ ಪಾಲೇ ದೊಡ್ಡದು. ಮೂರು ತಿಂಗಳ ಸುಗ್ಗಿಗೆ ವರ್ಷವಿಡೀ ಖುರಾಕು ಬೇಕು: ಹಾಲು, ತುಪ್ಪ, ಬಾದಾಮಿ. ಮನೆಯ ಎಮ್ಮೆಯ ಹಾಲು ಡೇರಿಗೆ ಹೋದರೆ ದುಡ್ಡು, ಮಗನ ಹೊಟ್ಟೆಗೆ ಹೋದರೆ ಕುಸ್ತಿ. ಬರಗಾಲದಲ್ಲಿ ಈ ಲೆಕ್ಕ ಯಾವ ಕಡೆ ವಾಲುತ್ತದೆಂದು ಹೇಳಬೇಕಿಲ್ಲ. 2016ರ ಏಪ್ರಿಲಿನಲ್ಲಿ ಲಾತೂರಿಗೆ ಕುಡಿಯುವ ನೀರೇ ಮಿರಜಿನಿಂದ ರೈಲಿನಲ್ಲಿ ಬಂದ ಸೀಮೆಯಿದು. ಮಂಡಿ ಒಮ್ಮೆ ತಿರುಚಿತೆಂದರೆ ಆ ಬೇಸಿಗೆ ಮುಗಿದಂತೆ, ಚಿಕಿತ್ಸೆಯ ಖರ್ಚು ಇನಾಮಿಗಿಂತ ಹೆಚ್ಚು. ಲಗ್ನವಾದ ಮೇಲೆ ಲಂಗೋಟ ಗೂಟಕ್ಕೆ ನೇತುಹಾಕುವವರೇ ಬಹಳ.

ಇನ್ನೊಂದು ಕೆಡುಕು ನೂರಾ ಕುಸ್ತಿ, ಅಂದರೆ ಮೊದಲೇ ಮಾತಾಡಿಕೊಂಡು ಬರುವ ಜೋಡಿ. ದೊಡ್ಡ ಇನಾಮಿನ ಕುಸ್ತಿಗಳಲ್ಲಿಯೇ ಇದರ ಕಾಟ. ಇಬ್ಬರು ಭಾರೀ ಆಳುಗಳು ತಲೆಗೆ ತಲೆ ಕೊಟ್ಟು ಅರ್ಧ ತಾಸು ನಿಂತು, ಕಡೆಗೆ ಬರೋಬರಿ ಎನಿಸಿಕೊಂಡು ದುಡ್ಡು ಹಂಚಿಕೊಂಡು ಹೋದರೆ ಬಿಸಿಲಲ್ಲಿ ಕೂತವನ ಹೊಟ್ಟೆ ಉರಿಯದೆ ಇದ್ದೀತೆ? ಮಣ್ಣು ಹೋಗಿ ಮ್ಯಾಟ್ ಬಂದದ್ದರಿಂದ ಕುಸ್ತಿ ಕೆಟ್ಟಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಹಾರಾಷ್ಟ್ರ ಕೇಸರಿಯಲ್ಲಿ ಮಣ್ಣಿನದೊಂದು, ಮ್ಯಾಟಿನದೊಂದು ವಿಭಾಗ ಇಟ್ಟು ಎರಡರ ವಿಜೇತರನ್ನೂ ಕೊನೆಗೆ ಸೆಣಸಲು ಬಿಡುತ್ತಾರೆ, ಕುಸ್ತಿ ನಡೆದೇ ಇದೆ. ಅದನ್ನು ಕೆಡಿಸುತ್ತಿರುವುದು ಮೇಲಿನ ಜೋಡಿಗೆ ಲಕ್ಷ ಸುರಿದು ಕೆಳಗಿನ ಹುಡುಗರಿಗೆ ಕಾಯಿಯನ್ನೂ ಕೊಡದ ಜಾತ್ರಾ ಸಮಿತಿಗಳ ಡೌಲು.

ಕುಸ್ತಿಯ ಮರ್ಯಾದೆ ಮಾತ್ರ ಅಲ್ಲಲ್ಲಿ ಉಳಿದಿದೆ. 2020ರ ಜನವರಿಯಲ್ಲಿ ಮಹಾರಾಷ್ಟ್ರ ಕೇಸರಿಯ ಅಂತಿಮ ಕುಸ್ತಿಯಲ್ಲಿ ಲಾತೂರಿನ ಶೈಲೇಶ ಶೆಳಕೆ ಸೋತರು. ಗೆದ್ದ ಹರ್ಷವರ್ಧನ ಸದ್ಗೀರ ಮಾಡಿದ ಮೊದಲ ಕೆಲಸ, ಸೋತವರನ್ನು ಹೆಗಲ ಮೇಲೆ ಹೊತ್ತು ಕಣ ಸುತ್ತಿಸಿದ್ದು. ಇಬ್ಬರೂ ಪುಣೆಯ ಒಂದೇ ತಾಲೀಮಿನವರು, ಕಾಕಾ ಪವಾರರ ಶಿಷ್ಯರು. ಆ ಕಾಕಾ ಪವಾರರೂ ಲಾತೂರು ಜಿಲ್ಲೆಯವರೇ.

ಭಾಲ್ಕಿ, ಬಸವಕಲ್ಯಾಣ, ಆಳಂದದವರಿಗೆ ಈ ಜಾತ್ರೆಗಳು ದೂರವಲ್ಲ. ಈ ಬೇಸಿಗೆಯಲ್ಲಿ ಹೊರಟರೆ ಕೊನೆಯ ಜೋಡಿ ನೋಡಲು ಸಂಜೆಗೆ ಹೋಗಬೇಡಿ. ಹಲಗಿ ಶುರುವಾಗುವ ಹೊತ್ತಿಗೇ ಹೋಗಿ ಕೂತುಕೊಳ್ಳಿ. ಕಿಸೆಯಲ್ಲಿ ಹತ್ತಿಪ್ಪತ್ತರ ಒಂದಿಷ್ಟು ನೋಟುಗಳಿರಲಿ. ಗೆದ್ದ ಹುಡುಗ ಕಣ ಸುತ್ತುತ್ತ ಬಂದು ಕೈಯೊಡ್ಡಿದಾಗ ಒಂದು ಅವನಿಗೆ ಕೊಡಿ, ಚೆನ್ನಾಗಿ ಆಡಿದ್ದರೆ ಸೋತವನನ್ನೂ ಕರೆದು ಇನ್ನೊಂದು ಕೊಡಿ.